ತಾನಾಗಿ ಇಳಿಯುವ ವೂಫರ್

ನಮ್ಮ ಭಾವನಿಗೆ ಕಿವಿ ಮಂದವಾಗಿದೆ ಎಂದು ನಾಲ್ಕು ಜನರ ಮುಂದೆ ತೋರಿಸಿಕೊಟ್ಟವನು ನಾನೇ. ಯಾರೂ ಕೇಳಿರಲಿಲ್ಲ. ಬೇಕೆಂದೇ ಮಾಡಿದೆ.

ಭಾವ ಎಂದರೆ ನನ್ನ ಅಕ್ಕನ ಗಂಡ, ಗಾವಡಗೆರೆಯವರು. ಹುಣಸೂರಿನಲ್ಲಿ ನಾವಿಬ್ಬರೂ ಸೇರಿ ಸ್ಪೀಕರ್ ಬಾಕ್ಸ್ ಮಾಡುವ ಅಂಗಡಿ ಇಟ್ಟಿದ್ದೆವು. ಮರಗೆಲಸ, ಓಡಾಟ, ಗಿರಾಕಿಗಳ ಜತೆ ಮಾತು ನನ್ನದು. ಒಳಗೆ ಯಾವ ವೂಫರ್ ಕೂರಬೇಕು ಎನ್ನುವ ತೀರ್ಮಾನ ಅವರದು. ಹೊಸ ವೂಫರ್ ಬಂದರೆ ಅದನ್ನು ನೇರವಾಗಿ ಆಂಪ್ಲಿಫೈಯರಿಗೆ ಕೊಟ್ಟು, ಹೆಂಗಸೊಬ್ಬಳ ಹಾಡು ಹಾಕಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು.

ವೂಫರ್ ದಪ್ಪ ದನಿಗೆ, ಟ್ವೀಟರ್ ಸಣ್ಣ ದನಿಗೆ. ಎರಡರ ನಡುವೆ ದನಿಯನ್ನು ಪಾಲು ಮಾಡಿಕೊಡುವುದು ಕ್ರಾಸ್‌ಓವರ್. ಒಳ್ಳೆಯ ವೂಫರ್, ಸ್ವರ ಮೇಲೇರಿ ತನ್ನ ಪಾಲು ಮುಗಿಯುತ್ತಾ ಬಂದಂತೆ, ತಾನಾಗಿಯೇ ಮೆಲ್ಲಗೆ ಇಳಿದು ಸುಮ್ಮನಾಗುತ್ತದೆ. ಅಂಥದ್ದಕ್ಕೆ ಒಂದು ತಾಮ್ರದ ಕಾಯಿಲ್, ಟ್ವೀಟರಿಗೆ ಒಂದು ಕೆಪಾಸಿಟರ್, ಅಷ್ಟೇ ಸಾಕು. ಕೆಲವು ಮಾತ್ರ ಇಳಿಯುವ ಮೊದಲು ಒಮ್ಮೆ ಕಿರುಚುತ್ತವೆ. ಆ ಕಿರುಚಾಟ ಅಡಗಿಸಲು ಇನ್ನಷ್ಟು ಬಿಡಿಭಾಗ ಬೇಕು, ಅಳೆಯುವ ಮೈಕು ಬೇಕು, ನಮಗಿಬ್ಬರಿಗೂ ಬಾರದ ಲೆಕ್ಕಾಚಾರ ಬೇಕು. ಅದುರಿ ದನಿ ಹೊರಡಿಸುವ ಕೋನು ಕಾಗದದ್ದಾದರೆ ಈ ಕಾಟ ಕಡಿಮೆ. ಹಾಗಾಗಿ ಭಾವ ಕಾಗದದ ಕೋನಿನವನ್ನೇ ಹುಡುಕಿ ಹುಡುಕಿ ಆರಿಸುತ್ತಿದ್ದರು.

ಒಂದು ಸಲ ನಾನು ಮೈಸೂರಿನಿಂದ ಅಲ್ಯೂಮಿನಿಯಂ ಕೋನಿನ ಎರಡು ವೂಫರ್ ತಂದೆ. ತಟ್ಟೆ ಬೆಳಗಿಟ್ಟ ಹಾಗೆ ಹೊಳೆಯುತ್ತಿದ್ದವು. ಭಾವ ಹಾಡು ಹಾಕಿ ಕೇಳಿದರು, ವಯರ್ ಕಿತ್ತರು.

“ಬ್ಯಾಡ ಕಣೋ. ಮ್ಯಾಕೆ ಹೋಗ್ತಾ ಕಿರುಚ್ತದೆ. ಒಂದು ಕಾಯಿಲ್‌ಗೆ ಬಗ್ಗೋದಲ್ಲ ಇದು.”

“ನಂಗೇನೂ ಕೇಳಿಸ್ತಿಲ್ವಲ್ಲ ಭಾವ.”

“ನೀನು ಹೊಳಪು ನೋಡ್ಕಂಡು ತಂದಿದ್ದೀಯ. ಕೇಳ್ಕಂಡಲ್ಲ.”

ಅಂಗಡಿಯಲ್ಲಿ ಕೂತಿದ್ದ ಇಬ್ಬರು ನಕ್ಕರು. ಅವರು ದಿನಾ ಬಂದು ಹರಟುವವರು, ಅವರ ನಗುವಿಗೆ ಬೆಲೆಯಿಲ್ಲ. ಆದರೂ ಅದು ನನ್ನನ್ನು ಚುಚ್ಚಿತು. ಅಂಗಡಿಯ ಇನ್ವರ್ಟರ್ ಕುಯ್ ಎಂದು ಕೂಗಿಕೊಂಡರೂ ಭಾವ ಈಚೆಗೆ ತಲೆ ಎತ್ತುತ್ತಿರಲಿಲ್ಲ. ಅದನ್ನು ನಾನು ಕಂಡು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಮರುದಿನ ಪಿರಿಯಾಪಟ್ಟಣದಿಂದ ಸಂಗೀತದ ಟೀಚರ್ ಒಬ್ಬರು ಬಾಕ್ಸ್ ಮಾಡಿಸಲು ಬಂದರು. ಹರಟೆಯವರೂ ಇದ್ದರು. ನಾನು ಮೊಬೈಲನ್ನು ಆಂಪ್ಲಿಫೈಯರಿಗೆ, ಅದನ್ನು ಅಂಗಡಿಯ ಒಂದು ಹಳೆಯ ಬಾಕ್ಸಿಗೆ ಜೋಡಿಸಿ, “ಭಾವ, ಒಂದು ಸಣ್ಣ ಪರೀಕ್ಷೆ. ಸದ್ದು ಕೇಳಿದಾಗ ಕೈ ಎತ್ತಿ” ಎಂದೆ.

ಅವರು ಸಂತೋಷವಾಗಿಯೇ ಬಂದು ಕೂತು ಕಣ್ಣು ಮುಚ್ಚಿದರು. ಮೊಬೈಲಿನಲ್ಲಿ ಒಂದೊಂದೇ ಸ್ವರವನ್ನು ಮೇಲೆ ಏರಿಸುತ್ತಾ ಹೋದೆ. ಕೈ ಎತ್ತಿದರು, ಮತ್ತೆ ಎತ್ತಿದರು. ಆಮೇಲೆ ಎತ್ತಲಿಲ್ಲ. ನಾನು ಸದ್ದು ಜೋರು ಮಾಡಿದೆ. ಹರಟೆಯವರು ಮುಖ ಕಿವಿಚಿದರು, ಟೀಚರ್ ಎರಡೂ ಕಿವಿ ಮುಚ್ಚಿಕೊಂಡರು. ಭಾವ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದರು.

“ಆಕು ಕಣೋ, ಕಾಯ್ತಾ ಇವ್ನಿ” ಎಂದರು.

ಹರಟೆಯವರ ನಗು ಕಟ್ಟೆಯೊಡೆಯಿತು. ಭಾವ ಕಣ್ಣು ಬಿಟ್ಟು ಎಲ್ಲರ ಮುಖವನ್ನೂ ನೋಡಿದರು. ಟೀಚರ್ ಕಿವಿಯಿಂದ ಇನ್ನೂ ಕೈ ತೆಗೆದಿರಲಿಲ್ಲ. ಭಾವನಿಗೆ ಅರ್ಥವಾಯಿತು. ಅಲ್ಲಿಗೆ ನಾನು ನಿಲ್ಲಿಸಬಹುದಿತ್ತು.

“ಈಗ ಹೇಳಿ ಭಾವ, ಯಾವುದು ಕಿರುಚ್ತದೆ ಅಂತ?” ಎಂದೆ.

ಅವರು ಮೇಜಿನ ಮೇಲಿದ್ದ ವಯರುಗಳನ್ನು ಸುತ್ತಿಟ್ಟು, ಅಂಗಿ ಸರಿಮಾಡಿಕೊಂಡು ಹೋದರು. ಮತ್ತೆ ಅಂಗಡಿಗೆ ಬರಲಿಲ್ಲ.

ಸಂಜೆ ಅಕ್ಕ ಫೋನ್ ಮಾಡಿದಳು. “ಅವ್ರಿಗೆ ಗೊತ್ತಾಗ್ದಂಗೆ ಎಲ್ಡು ವರ್ಷದಿಂದ ಮನೇಲಿ ಜೋರಾಗಿ ಮಾತಾಡ್ಕಂಡು ಬಂದಿವ್ನಿ. ನೀನು ಊರಿಗೇ ತೋರಿಸ್ಬುಟ್ಟೆಯಲ್ಲ” ಎಂದು ಹೇಳಿ ಇಟ್ಟಳು.

ಟೀಚರ ಬಾಕ್ಸುಗಳಿಗೆ ನಾನು ಅದೇ ಹೊಳೆಯುವ ವೂಫರ್ ಹಾಕಿದೆ, ಒಂದೇ ಕಾಯಿಲ್ ಕೊಟ್ಟೆ. ಪಾಲಿಶ್ ಮಾಡಿ ಕಳಿಸಿದೆ. ಕೆಲವು ದಿನಕ್ಕೆ ಅವರ ಫೋನ್ ಬಂತು. ಮಕ್ಕಳ ಹಾಡನ್ನು ರೆಕಾರ್ಡ್ ಮಾಡಿ ಅದರಲ್ಲಿ ಕೇಳಿಸಿದ್ದರಂತೆ. ಸಕಾರ ಚಕಾರ ಬಂದಲ್ಲೆಲ್ಲ ಸೂಜಿ ಚುಚ್ಚಿದ ಹಾಗಾಗುತ್ತದಂತೆ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುವ ಹುಡುಗಿ, “ನನ್ನ ಗಂಟಲು ಇಂಗೇನಾ ಟೀಚರ್?” ಎಂದು ಕೇಳಿ ಅತ್ತವಳು, ಆಮೇಲೆ ತರಗತಿಗೇ ಬಂದಿಲ್ಲವಂತೆ.

“ಇದನ್ನ ನಿಮ್ಮ ಭಾವ ಕೇಳಿ ನೋಡಿದ್ರಾ?” ಎಂದರು.

“ಹೂಂ ಮೇಡಂ, ಅವರೇ ಆರಿಸಿದ್ದು” ಎಂದೆ. “ಅವತ್ತು ನೀವೇ ನೋಡಿದ್ರಲ್ಲ, ಅವ್ರಿಗೆ ಕಿವಿ ಕೇಳಲ್ಲ.”

ಸಲೀಸಾಗಿ ಬಂತು ಆ ಸುಳ್ಳು.

ಬಾಕ್ಸುಗಳು ವಾಪಸು ಬಂದವು. ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು, ಮೊಬೈಲಿನ ಅದೇ ಸ್ವರಗಳನ್ನು ಅವುಗಳಿಗೆ ಹಾಕಿದೆ. ಒಂದು ಜಾಗದಲ್ಲಿ ವೂಫರ್ ಕರ್ಕಶವಾಗಿ ಕೂಗಿತು. ಅದು ಭಾವ ಕೈ ಎತ್ತಿದ್ದ ಸ್ವರ. ಅವರಿಗೆ ಕೇಳದೆ ಹೋದದ್ದು ಅದಕ್ಕಿಂತ ಎಷ್ಟೋ ಮೇಲಿನದು, ವೂಫರಿಗೆ ಸಂಬಂಧವೇ ಇಲ್ಲದ್ದು. ಅವರು ಹೇಳಿದ್ದು ಸರಿಯಾಗಿತ್ತು. ಅದನ್ನು ಕೇಳಿಸಿಕೊಳ್ಳುವಷ್ಟು ಕಿವಿ ಅವರಿಗೆ ಇನ್ನೂ ಇತ್ತು.

ಗಾವಡಗೆರೆಗೆ ಹೋದೆ. ಭಾವ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುತ್ತಿದ್ದರು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು.

“ಆ ಟೀಚರಮ್ಮ ಫೋನ್ ಮಾಡಿದ್ರು. ವೂಫರ್ ಆರ್ಸಿದ್ದು ನೀವೇನಾ ಅಂದ್ರು.”

“ನೀವು ಏನಂದ್ರಿ ಭಾವ?”

“ಹೂಂ, ನಾನೇ ಅಂದೆ. ನನ್ನ ಹೆಂಡ್ತಿ ತಮ್ಮ ಸುಳ್ಳ ಅಂತ ಹೇಳೋಕಾಯ್ತದಾ?” ಬಿಂದಿಗೆ ಕೆಳಗಿಟ್ಟರು. “ಇನ್ನು ಓಗು. ನಿಮ್ಮಕ್ಕ ಎದ್ದು ಬಂದ್ರೆ ಊಟಕ್ಕೆ ಕರೀಬೇಕಾಯ್ತದೆ.”

ಕಾಗದದ ಕೋನಿನ ವೂಫರುಗಳನ್ನು ನಾನೇ ಕಣ್ಣು ಮುಚ್ಚಿ ಕೂತು ಆರಿಸಿ ಟೀಚರ ಬಾಕ್ಸಿಗೆ ಹಾಕಿಕೊಟ್ಟೆ. ಈಗ ಚೆನ್ನಾಗಿದೆ ಎಂದರು. ಆ ಹುಡುಗಿ ಬಂದಳೇ ಎಂದು ಕೇಳಿದೆ. ಇಲ್ಲ ಎಂದರು.

ಭಾವ ಈಗ ಕೆ.ಆರ್.ನಗರದ ಒಂದು ಅಂಗಡಿಗೆ ವೂಫರ್ ಆರಿಸಿಕೊಡುತ್ತಾರೆ. ಎಚ್.ಡಿ.ಕೋಟೆ ಕಡೆಯ ನನ್ನ ಗಿರಾಕಿಗಳೂ ಅಷ್ಟು ದೂರ ಹುಡುಕಿಕೊಂಡು ಅಲ್ಲಿಗೇ ಹೋಗುತ್ತಾರೆ. ಹೋದ ತಿಂಗಳು ನಾನೂ ಹೋಗಿದ್ದೆ. ಬಾಗಿಲಲ್ಲಿ ನಿಂತು “ಭಾವ” ಎಂದೆ. ಅವರು ನನ್ನನ್ನು ನೇರವಾಗಿ ನೋಡಿದರು. ಆಮೇಲೆ ಒಳಗಿದ್ದ ಮಾಲೀಕನ ಕಡೆ ತಿರುಗಿ, “ಯಾರೋ ಗಿರಾಕಿ ಬಂದವ್ರೆ, ನೋಡಿ” ಎಂದರು.

ಮಾಲೀಕ ಬಂದು ಏನು ಬೇಕೆಂದು ಕೇಳಿದ. ಎಂಟು ಇಂಚಿನ ಎರಡು ವೂಫರ್ ಕೊಡಿ ಎಂದೆ.