ದರ್ಜಿ ಎಳೆದ ವೈರು

ಅರ್ಧ ಊರಿಗೆ ಪ್ಯಾಂಟು ಹೊಲಿದುಕೊಟ್ಟ ದರ್ಜಿಗೆ ತನ್ನ ಕೈಗೆ ಬಗ್ಗದ ಕೆಲಸವೇ ಇಲ್ಲ ಎಂಬ ಜಂಬ. ಮನೆ ಹಿಂದಿನ ತೋಟಕ್ಕೆ ದೀಪ ಹಾಕಿದ್ದೂ ಅವನೇ. ಹೆಂಡತಿಗೆ ಹಗಲೆಲ್ಲ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಗಿಡಗಳ ಜೊತೆ ಇರಲು ಸಿಗುತ್ತಿದ್ದದ್ದು ಸಂಜೆ ಮಾತ್ರ. ಅವಳಿಗೋಸ್ಕರ ಕಬ್ಬಿಣದ ಕಂಬಗಳನ್ನು ನೆಟ್ಟು, ಬಲ್ಬು ಸಿಕ್ಕಿಸಿ, ಲಂಗದ ಅಂಚು ಮಡಿಸಿದ ಹಾಗೆ ವೈರನ್ನು ಮಣ್ಣಿನಡಿ ಮಡಿಸಿಟ್ಟಿದ್ದ. ಬಂದವರಿಗೆಲ್ಲ ಕಾಫಿಗಿಂತ ಮೊದಲು ಆ ದೀಪಗಳ ದರ್ಶನವಾಗುತ್ತಿತ್ತು.

ಈಗ ಅದನ್ನೆಲ್ಲ ಕಿತ್ತು ಹೊಸದು ಹಾಕಿಸಬೇಕೆಂದು ಅವಳು ಹಟ ಹಿಡಿದಿದ್ದಳು.

“ಉರಿಯೋ ದೀಪ ಯಾಕೆ ಕೀಳ್ಬೇಕು? ನನ್ನ ಕೆಲಸ ನಿನಗೆ ಬೇಡವಾಯ್ತು ಅನ್ನು!” ಎಂದು ಅವನು ಬೆಳಗಿನಿಂದ ಮುಖ ಊದಿಸಿಕೊಂಡು ಕೂತಿದ್ದ. ಪಾಪ, ಅವನಿಗೆ ನಿಜವಾಗಿಯೂ ನೋವಾಗಿತ್ತು.

ಅವಳ ಅಕ್ಕನ ಮಗ ಎಲೆಕ್ಟ್ರಿಷಿಯನ್. ಅವನು ಬಂದು, ಮೇನ್ ಆಫ್ ಮಾಡಿ, ಮಣ್ಣು ಕೆದಕಿದ. ವೈರು ಸೇರಿಸಿದ ಕಡೆಯೆಲ್ಲ ಟೇಪಿನ ಬದಲು ಲೈನಿಂಗ್ ಬಟ್ಟೆ. ಅದರ ಮೇಲೆ ಗುಂಡಿ ಹೊಲಿಯುವ ದಾರದ ಬಿಗಿ ಸುತ್ತು.

“ಚಿಕ್ಕಪ್ಪ, ಕಾಜಾ ಮಾಡೋದೊಂದು ಬಾಕಿ!”

ದರ್ಜಿಗೂ ನಗು ಬಂತು. ಆಮೇಲೆ ಎಲೆಕ್ಟ್ರಿಷಿಯನ್ ಮೇನ್ ಆನ್ ಮಾಡಿ, ಒಮ್ಮೆ ದೀಪ ಹಾಕಿಸಿ, ಕಂಬಕ್ಕೆ ಟೆಸ್ಟರ್ ತಾಗಿಸಿದ. ಟೆಸ್ಟರಿನೊಳಗಿನ ದೀಪ ಹೊತ್ತಿತು; ಕಂಬದಲ್ಲೂ ಕರೆಂಟು.

“ಚಿಕ್ಕಮ್ಮ, ಇದು ಶಾಕ್ ಹೊಡೀತಿರ್ಲಿಲ್ವಾ?”

“ಗಿಡಕ್ಕೆ ನೀರು ಬಿಟ್ಟಾಗ ಜುಂ ಅಂತಿತ್ತು. ಅದಕ್ಕೇ ರಬ್ಬರ್ ಚಪ್ಪಲಿ ಇಲ್ದೆ ಕಾಲಿಡ್ತಿರ್ಲಿಲ್ಲ. ಮೊನ್ನೆ ಪಕ್ಕದ ಮನೆ ಮಗು ಕಂಬ ಹಿಡಿಯೋಕೆ ಓಡಿತು ನೋಡು, ಎದೆ ಧಸಕ್ ಅಂತು.”

ದರ್ಜಿ ಕಂಬ ಬಿಟ್ಟು ಅವಳ ಕಡೆ ತಿರುಗಿದ. “ಇಷ್ಟು ದಿನ ನನಗ್ಯಾಕೆ ಹೇಳ್ಲಿಲ್ಲ?”

“ದಿನಾ ದೀಪ ಹಾಕಿ ನನ್ನ ಮುಖಾನೇ ನೋಡ್ತಾ ನಿಲ್ತಿದ್ರಲ್ರೀ. ಹೇಗೆ ಹೇಳ್ಲಿ?”

ಅವನಿಗೆ ಅಳುವೂ ಬಂತು, ಸಿಟ್ಟೂ ಬಂತು. ಒಳಗೆ ಹೋಗಿ ಮೇನ್ ಆಫ್ ಮಾಡಿ ಬಂದು ಎರಡೂ ಕೈಯಲ್ಲಿ ವೈರನ್ನು ಜಗ್ಗಿದ. ಗಂಟು ಬಿಡಲಿಲ್ಲ, ಅವನ ಹೊಲಿಗೆ ಯಾವತ್ತು ತಾನಾಗಿ ಬಿಟ್ಟಿತ್ತು? ಮತ್ತೆ ಒಳಗೆ ಹೋಗಿ, ಕಾಗದ ಕತ್ತರಿಸಲೂ ಯಾರಿಗೂ ಕೊಡದಿದ್ದ ತನ್ನ ಬಟ್ಟೆ ಕತ್ತರಿಯನ್ನೇ ತಂದ. ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಗಂಟನ್ನು ಕತ್ತರಿಸತೊಡಗಿದ. ತಾಮ್ರ ಕಟಕಟ ಅಂದಿತು.

“ಕತ್ತರಿ ಹಾಳಾಗತ್ತೆ ರೀ!”

“ಹಾಳಾಗ್ಲಿ ಬಿಡೇ,” ಅಂದ ತಲೆಯೆತ್ತದೆ. “ನಿನಗೇನಾದ್ರೂ ಆಗಿದ್ದಿದ್ರೆ ನಾನು ಯಾರಿಗೆ ದೀಪ ಹಾಕ್ಬೇಕಿತ್ತು?”