ಫೈಬರ್ ಜಲಾಂತರ್ಗಾಮಿಯೊಳಗಿನ ಕಬ್ಬಿಣದ ಸದ್ದು

ನಂಬುವವರು ನಂಬಿ, ನಗುವವರು ನಗಿ. ನನ್ನ ಕಿವಿಯಾರೆ ಕೇಳಿದ್ದನ್ನು ಸುಳ್ಳು ಅನ್ನಲು ನನ್ನಿಂದಾಗದು. ಅದು ನೆನಪಾದಾಗ ಇವತ್ತಿಗೂ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತದೆ.

ರಂಜಾನ್ ಕಡು ಬೇಸಿಗೆಯಲ್ಲಿ ಬಂದಿದ್ದ ವರ್ಷ. ದುಬೈಯಲ್ಲಿ ಪ್ರದರ್ಶನಗಳನ್ನು ಕಟ್ಟಿಕೊಡುವ ಕಂಪನಿಯೊಂದರಲ್ಲಿ ನಾನು ವಿವರಣೆ ಬರೆಯುವವಳು. ಅಲ್ಲಿನ ಮಿರ್ದಿಫ್ ಬಡಾವಣೆಯ ಹತ್ತಿರದ ಪ್ರದರ್ಶನದ ಹಾಲ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಮೊದಮೊದಲ ಜಲಾಂತರ್ಗಾಮಿಯೊಂದರ ಮಾದರಿ ಎದ್ದಿತ್ತು. ಏಣಿ ಇಳಿದು ಒಳಗೆ ಹೋಗಬಹುದಾದಷ್ಟು ದೊಡ್ಡದು. ಎಲ್ಲ ಪ್ಲೈವುಡ್, ಫೈಬರ್.

ಅಸಲಿ ಜಲಾಂತರ್ಗಾಮಿಯ ಚರಿತ್ರೆ ಓದಿ ನನಗೆ ಮೈ ಉರಿದಿತ್ತು. ಅಭ್ಯಾಸದ ವೇಳೆ ಹಡಗೊಂದು ಡಿಕ್ಕಿ ಹೊಡೆದು ಆ ದೋಣಿ ಮುಳುಗಿತು. ಒಳಗಿದ್ದವರೆಲ್ಲ ಸತ್ತರು. ಮೇಲೆತ್ತಿದರು, ರಿಪೇರಿ ಮಾಡಿದರು, ಬೇರೆಯವರನ್ನು ಅದೇ ಹೊಟ್ಟೆಯೊಳಗೆ ಇಳಿಸಿದರು! ಮುಂದೊಮ್ಮೆ ಒಳಗೇ ಸ್ಫೋಟವಾಯಿತು. ಕೊನೆಗೆ ಗುಂಡು ಹಾರಿಸಿ ಕಲಿಯಲು ಗುರಿಯಾಗಿ ಬಿಟ್ಟರು.

ನಾನು ಬರೆದ ವಿವರಣೆಯಲ್ಲಿ ಸತ್ತವರ ಬಗೆಗಿದ್ದ ಸಾಲನ್ನು ಮ್ಯಾನೇಜರ್ ಸುಧೀರ್ ಹೊಡೆದುಹಾಕಿದ. ಉಡುಪಿ ಕಡೆಯವನೇ. "ಫ್ಯಾಮಿಲಿಗಳು ಬರ್ತಾರೆ ಮಾರಾಯ್ತಿ, ಸಾವು ಗೀವು ಎಲ್ಲ ಎಂತಕ್ಕೆ?"

ಉದ್ಘಾಟನೆಯ ಹಿಂದಿನ ದಿನ. ಕತ್ತಲಾಗಿತ್ತು, ಕೆಲಸದವರೆಲ್ಲ ಇಫ್ತಾರ್‌ಗೆ ಹೋಗಿದ್ದರು. ಹಾಲ್‌ನಲ್ಲಿ ನಾನು, ಸುಧೀರ್ ಇಬ್ಬರೇ. ಪೇಂಟಿಗೆ ಬೆರೆಸುವ ಥಿನ್ನರ್ ವಾಸನೆ ಮೂಗು ಸುಡುತ್ತಿತ್ತು. ಸುಧೀರ್ ದೋಣಿಯ ಮುಚ್ಚಳ ಬಿಗಿದು, ಸ್ಪಾನ್ಸರ್‌ಗೆ ಕಳಿಸಲು ಫೋಟೊ ತೆಗೆಯುತ್ತಿದ್ದ.

ಠಣ್... ಠಣ್... ಠಣ್...

ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ದೋಣಿಯ ಮೂತಿಯೊಳಗಿಂದ.

"ಒಳಗೆ ಯಾರಿದ್ದಾರೆ?" ಎಂದು ಕೇಳಿದೆ.

"ಯಾರೂ ಇಲ್ಲ. ಪೇಂಟರ್ ಫೆಲಿಕ್ಸ್ ಆಗ್ಲೇ ಹೋಗಿಯಾಯ್ತು. ಅದು ಎಸಿದು ಸೌಂಡ್."

"ಹೋದದ್ದು ನೀನು ನೋಡಿದ್ದೀಯಾ?"

ಅವನು ಕ್ಯಾಮೆರಾದಿಂದ ಕಣ್ಣೆತ್ತಲಿಲ್ಲ. "ಮುಚ್ಚಳ ಮುಟ್ಬೇಡ. ಪೇಂಟ್ ಹಸಿ ಉಂಟು."

ಸದ್ದು ಹೆಚ್ಚಾಯಿತು... ಒಂದು ಕೈಯದಲ್ಲ, ಹಲವು ಕೈಗಳದು. ನನ್ನ ತಲೆ ಕೆಟ್ಟಿತು. ಅವನನ್ನು ತಳ್ಳಿ ಮೇಲೆ ಹತ್ತಿ ಮುಚ್ಚಳ ಕಿತ್ತೆ. ಬಿಸಿ ಗಾಳಿ ಮುಖಕ್ಕೆ ರಾಚಿತು. ಏಣಿಯ ಬುಡದಲ್ಲಿ ಫೆಲಿಕ್ಸ್ ಎಚ್ಚರವಿಲ್ಲದೆ ಬಿದ್ದಿದ್ದ.

"ಕೊಲ್ತಿದ್ದೆಯಲ್ಲಾ!" ಎಂದು ಕಿರುಚಿದೆ. ಇಬ್ಬರೂ ಸೇರಿ ಅವನನ್ನು ಹೊರಗೆಳೆದೆವು.

ಆಗಲೇ ನನಗೆ ಹೊಳೆದದ್ದು... ಮೂತಿಯ ಕಡೆಗೆ ಒಳಗಿನಿಂದ ದಾರಿಯೇ ಇರಲಿಲ್ಲ. ಅಲ್ಲಿ ಫೋಮ್ ತುಂಬಿ ಮುಚ್ಚಿದ್ದರು. ಸದ್ದೂ ನಿಂತಿತ್ತು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಫೆಲಿಕ್ಸ್ ಕಣ್ಣು ಬಿಟ್ಟಿದ್ದ. ಮಂಗಳೂರಿನ ಕೊಂಕಣಿ ಹುಡುಗ. ನೀನು ಬಡಿದದ್ದಕ್ಕೆ ಜೀವ ಉಳಿಯಿತು ಅಂದೆ.

"ನಾನು ಬಡೀಲೇ ಇಲ್ಲ ಮೇಡಂ. ಮುಚ್ಚಳ ಹಾಕಿದ್ದು ಗೊತ್ತಾಯ್ತು. ಕೂಗ್ಲಿಕ್ಕೂ ಆಗ್ಲಿಲ್ಲ, ಬಿದ್ದೆ." ಬಾಗಿಲ ಕಡೆ ನೋಡಿ ಪಿಸುಗುಟ್ಟಿದ, "ಆದ್ರೆ ಯಾರೋ ನನ್ನನ್ನು ದಾಟಿ ಮುಂದೆ ಹೋದ್ರು. ಬೂಟು ಒದ್ದೆ ಇತ್ತು... ಒಬ್ರಲ್ಲ ಮೇಡಂ."

ಕತ್ತಲಾದ ಮೇಲೆ ಸಿಕ್ಕವನನ್ನು ಬಿಸಿಲಿಗೆ ತಲೆ ತಿರುಗಿ ಬಿದ್ದನೆಂದು ಕಂಪನಿ ಹೇಳಿತು. ನಾನು ಕೆಲಸ ಬಿಟ್ಟೆ.

ಅವರು ಯಾರೋ, ಯಾಕೆ ಬಡಿದರೋ ನನಗೆ ಗೊತ್ತಿಲ್ಲ. ನಾವು ಹೊರಗೆಳೆದದ್ದು ಫೆಲಿಕ್ಸ್‌ನನ್ನು ಮಾತ್ರ. ಆಂಬುಲೆನ್ಸ್ ಹೊರಟ ಕೂಡಲೇ ಸುಧೀರ್ ಹಾಲ್‌ಗೆ ವಾಪಸ್ ಹೋಗಿ ದೋಣಿಯ ಮುಚ್ಚಳವನ್ನು ಮತ್ತೆ ಬಿಗಿದನಂತೆ... ಫೋಟೊ ಬಾಕಿ ಇತ್ತಲ್ಲ.