ಚಾಪೆಯಕ್ಕನ ಬಗ್ಗೆ ನಾನು ಬರೆದದ್ದು

ಅವರ ಎರಡೂ ಹೆಬ್ಬೆರಳುಗಳ ಉಗುರಿನ ಪಕ್ಕದ ಚರ್ಮ ಸದಾ ಬಿರಿದುಕೊಂಡಿರುತ್ತಿತ್ತು. ಅಂಗೈಯ ತುಂಬ ಸಣ್ಣ ಸಣ್ಣ ಗೀರುಗಳು. ಹಳೆಯವು ಬೆಳ್ಳಗೆ, ಅದೇ ದಿನದವು ಕೆಂಪಗೆ. ಹೊಳೆಯ ಬದಿಯಲ್ಲಿ ಕೇದಗೆಯ ಹಾಗೆ ಬೆಳೆಯುವ ಮುಂಡೇವಿನ ಎಲೆಗೆ ಎರಡು ಅಂಚಿನಲ್ಲೂ ನಡುವಿನ ನರದಲ್ಲೂ ಗರಗಸದಂಥ ಮುಳ್ಳು. ಆ ಎಲೆ ಕೊಯ್ದು, ಮುಳ್ಳು ತೆಗೆದು, ಸುರುಳಿ ಸುತ್ತಿ ಬಿಸಿಲಿಗೆ ಒಣಗಿಸಿ, ಸಪೂರ ಎಳೆಗಳಾಗಿ ಸೀಳಿ ಚಾಪೆ ಹೆಣೆಯುವುದು ಅವರ ಕೆಲಸ. ಕುಂಬಳೆಯ ಹತ್ತಿರದ ಶಿರಿಯದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅವರ ಮನೆ. ನನ್ನ ಉಮ್ಮ ಅವರನ್ನು ಅಕ್ಕ ಎಂದು ಕರೆಯುತ್ತಿದ್ದುದರಿಂದ ನನಗೂ ಅಕ್ಕನೇ. ಊರಿನವರ ಬಾಯಲ್ಲಿ ಚಾಪೆಯಕ್ಕ.

ಅವರಿಂದ ಚಾಪೆ ಕೊಳ್ಳುವುದು ಸುಲಭವಿರಲಿಲ್ಲ. ಬಂದವರ ಎದುರು ಚಾಪೆಯನ್ನು ಪೂರ್ತಿ ಬಿಡಿಸಿ ಜಗಲಿಯಲ್ಲಿ ಹಾಸಿ, ಮಲಗಿ ನೋಡಿ ಎನ್ನುತ್ತಿದ್ದರು. ಪ್ಯಾಂಟು ಹಾಕಿಕೊಂಡು ಬಂದ ಬ್ಯಾಂಕಿನ ಮೇನೇಜರರನ್ನೂ ಬಿಟ್ಟವರಲ್ಲ. ಆತ ನಾಚಿಕೊಂಡು ನಿಂತಾಗ, "ಚಾಪೆಯನ್ನು ಕಣ್ಣಲ್ಲಿ ನೋಡುವುದಲ್ಲ ಸ್ವಾಮಿ, ಬೆನ್ನಲ್ಲಿ ನೋಡುವುದು" ಎಂದು ಮಲಗಿಸಿಯೇ ಬಿಟ್ಟಿದ್ದರು. ಎಲ್ಲಿಯಾದರೂ ಎಳೆ ಚುಚ್ಚಿತೆಂದರೆ ಆ ಚಾಪೆಯನ್ನು ಒಳಗಿಟ್ಟು ಇನ್ನೊಂದು ತರುತ್ತಿದ್ದರು.

ದುಬೈಯಲ್ಲಿ ನಾನು ಕೆಲಸಕ್ಕಿದ್ದ ಅಂಗಡಿ ಮುಚ್ಚಿ ನಾನು ಊರಿಗೆ ಬಂದಾಗ ನನಗೆ ಮೂವತ್ತು ವರ್ಷ. ದಾರಿಯಲ್ಲಿ ಸಿಕ್ಕಿದವರೆಲ್ಲ ಕೇಳುತ್ತಿದ್ದುದು ಒಂದೇ, ವಾಪಸು ಯಾವಾಗ ಎಂದು. ಅದಕ್ಕೆ ಹೆದರಿ ನಾನು ಹೊಳೆಯ ಕಡೆಯ ದಾರಿ ಹಿಡಿಯುತ್ತಿದ್ದೆ. ಚಾಪೆಯಕ್ಕ ಮಾತ್ರ ಅದನ್ನು ಕೇಳಲಿಲ್ಲ. ಮೊದಲ ದಿನವೇ ಕರೆದು, ಇದರ ಒಂದು ತುದಿ ಹಿಡಿ ಎಂದು ಎಲೆಯ ಕಟ್ಟು ಕೈಗೆ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ನಾನು ದಿನಾ ಅವರ ಹಿತ್ತಲಿನಲ್ಲಿರುತ್ತಿದ್ದೆ. ಅವರ ಮಗ ನನ್ನ ಜೊತೆ ಕನ್ನಡ ಶಾಲೆಯಲ್ಲಿ ಓದಿದವನು, ಆಗ ಶಾರ್ಜಾದಲ್ಲಿದ್ದ. ನನಗೆ ಕೆಲಸ ಹೋದಾಗ ತನ್ನ ರೂಮಿನಲ್ಲಿ ನನಗೂ ಜಾಗ ಮಾಡಿಕೊಟ್ಟು ಎರಡು ತಿಂಗಳು ಇರಿಸಿಕೊಂಡವನು ಅವನೇ. ಪ್ರತಿ ಶುಕ್ರವಾರ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡುತ್ತಿದ್ದ. ಅಮ್ಮನಿಗೆಂದು ತಾರಸಿ ಮನೆ ಕಟ್ಟಿಸಿದ್ದ, ಎರಡು ಚಿನ್ನದ ಬಳೆ ತಂದುಕೊಟ್ಟಿದ್ದ. ಇನ್ನು ಚಾಪೆ ಯಾಕಮ್ಮ ಎಂದು ಅವನು ಕೇಳಿದರೆ, ಕೈ ಸುಮ್ಮನೆ ಕೂರುವುದಿಲ್ಲ ಎನ್ನುತ್ತಿದ್ದರು.

ಆ ಚಾಪೆಗಳನ್ನು ಫೇಸ್‌ಬುಕ್ಕಿನಲ್ಲಿ ಮಾರುವ ಯೋಚನೆ ನನ್ನದು. ಫೋಟೋದಲ್ಲಿ ಮಲಗುವುದು ಹೇಗೆ ಎಂದು ಅವರು ನಕ್ಕರು. ಆದರೆ ನನ್ನ ಮುಖ ನೋಡಿ, ಹುಡುಗ ಏನೋ ಮಾಡಲು ಹೊರಟಿದ್ದಾನೆ ಅನಿಸಿರಬೇಕು, ಆರು ಚಾಪೆ ತೆಗೆದುಕೊಟ್ಟರು. ನಾನೊಂದು ಪೇಜು ತೆರೆದೆ. ಚಾಪೆಗಳನ್ನು ಗೋಡೆಗೆ ಆನಿಸಿ ಫೋಟೋ ತೆಗೆದು, ಕೈಯಲ್ಲಿ ಹೆಣೆದ ಮುಂಡೇವಿನ ಚಾಪೆ, ಬೇಸಿಗೆಗೆ ತಂಪು, ಬೇಕಾದವರು ತಿಳಿಸಿ ಎಂದು ಬರೆದೆ. ಹನ್ನೊಂದು ಲೈಕು ಬಂತು, ಅದರಲ್ಲಿ ಎಂಟು ನನ್ನ ಸಂಬಂಧಿಕರದು. ಎರಡು ತಿಂಗಳಲ್ಲಿ ಹೋದದ್ದು ಒಂದು ಚಾಪೆ.

ಜನ ಯಾವುದನ್ನು ಹಂಚಿಕೊಳ್ಳುತ್ತಾರೆ ಎಂದು ನಾನು ದಿನವಿಡೀ ನೋಡುತ್ತ ಕೂತೆ. ಕಣ್ಣೀರು ಬರಿಸುವುದನ್ನು ಹಂಚಿಕೊಳ್ಳುತ್ತಾರೆ ಎಂದು ಗೊತ್ತಾಯಿತು.

ಮರುದಿನ ಚಾಪೆಯಕ್ಕನನ್ನು ಹಿತ್ತಲಿನ ಹಳೆಯ ತೆಂಗಿನ ಮಡಲಿನ ಚಪ್ಪರದ ಕೆಳಗೆ ಕೂರಿಸಿದೆ. ತಾರಸಿ ಮನೆಯ ಗೋಡೆ ಕಾಣದ ಹಾಗೆ ನಿಂತುಕೊಂಡೆ. ಬಳೆ ಬೆಳಕಿಗೆ ಹೊಳೆದು ಫೋಟೋ ಹಾಳಾಗುತ್ತದೆ, ತೆಗೆದಿಡಿ ಅಕ್ಕ ಎಂದೆ. ಅವರು ಸೋಪು ಹಚ್ಚಿ ಕಷ್ಟಪಟ್ಟು ಬಳೆ ಜಾರಿಸಿ ಸೆರಗಿಗೆ ಕಟ್ಟಿಕೊಂಡರು. ನಗಬೇಡಿ ಎಂದೆ, ನಗಲಿಲ್ಲ. ಆ ಫೋಟೋದ ಕೆಳಗೆ ನಾನು ಬರೆದದ್ದು ಇಂದಿಗೂ ಬಾಯಿಪಾಠ ಉಂಟು: "ಈ ತಾಯಿಗೆ ಯಾರೂ ಇಲ್ಲ. ಗಲ್ಫಿಗೆ ಹೋದ ಮಗ ತಿರುಗಿ ನೋಡಲಿಲ್ಲ. ನೀವು ಒಂದು ಚಾಪೆ ಕೊಂಡರೆ ಇವರಿಗೆ ಗಂಜಿ."

ಅದು ಓಡಿತು. ಯಾರೋ ಮಲಯಾಳಕ್ಕೆ ತಿರುಗಿಸಿದರು, ಯಾರೋ ವಾಟ್ಸ್ಆಪ್‌ಗೆ ಹಾಕಿದರು. ಮಂಗಳೂರು, ಮೈಸೂರು, ಕೊಚ್ಚಿಯಿಂದ ಫೋನು ಬರತೊಡಗಿತು. ಚಾಪೆ ಸಾಲದೆ ಅಕ್ಕ ನೆರೆಯ ಇಬ್ಬರು ಹೆಂಗಸರನ್ನು ಕೂರಿಸಿಕೊಂಡು ಹೆಣೆಯಲು ಕಲಿಸಿದರು. ನಾನು ಹೋದಾಗಲೆಲ್ಲ ಅವರ ಮುಖ ಅರಳುತ್ತಿತ್ತು. ನೀನು ಎಂತ ಬರೆದಿ ಮಾರಾಯ, ಇಷ್ಟು ಜನ ಕೇಳುವ ಹಾಗೆ ಎಂದು ಒಮ್ಮೆ ಕೇಳಿದರು. ಚಾಪೆಯ ಬಗ್ಗೆ ಎಂದೆ. ಎಷ್ಟು ಸಲೀಸಾಗಿ ಹೇಳಿದೆನೆಂದರೆ, ಆ ಹೊತ್ತಿಗೆ ನನಗೂ ಅದು ನಿಜವೆನಿಸಿತ್ತು.

ಒಂದು ಭಾನುವಾರ ಮಂಗಳೂರಿನ ಕಡೆಯಿಂದ ಒಬ್ಬ ಹೆಂಗಸು ಕಾರಿನಲ್ಲಿ ಬಂದರು. ಒಳ್ಳೆಯ ಮನಸ್ಸಿನವರು, ಅದರಲ್ಲಿ ಸಂಶಯವಿಲ್ಲ. ಡಿಕ್ಕಿಯಲ್ಲಿ ಅಕ್ಕಿ, ಬೇಳೆ, ಎರಡು ಸೀರೆ. ನಾನು ಅಲ್ಲೇ ಚಾಪೆ ಕಟ್ಟುತ್ತಿದ್ದೆ. ಅವರು ಅಕ್ಕನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಅಕ್ಕನಿಗೆ ಗಾಬರಿ. ನನಗೆ ಯಾಕೆ ಅಕ್ಕಿ ಎಂದು ಕೇಳಿದರು. ಆ ಹೆಂಗಸಿಗೂ ಈಗ ಗೊಂದಲ, ಎದುರಿಗಿರುವ ತಾರಸಿ ಮನೆಯನ್ನು ಒಮ್ಮೆ ನೋಡಿದರು, ಅಕ್ಕನ ಕೈಯ ಬಳೆಯನ್ನು ನೋಡಿದರು. ಆಮೇಲೆ ಮೊಬೈಲು ತೆಗೆದು, ಇದು ನೀವೇ ಅಲ್ಲವಾ ಅಮ್ಮ ಎಂದು ನಾನು ಬರೆದದ್ದನ್ನು ಗಟ್ಟಿಯಾಗಿ ಓದಿದರು.

ಅಕ್ಕ ತಲೆ ತಗ್ಗಿಸಿ ಕೊನೆಯ ತನಕ ಕೇಳಿಸಿಕೊಂಡರು. ಮಗನ ಸಾಲು ಬಂದಾಗ ಮಾತ್ರ ಒಮ್ಮೆ ನನ್ನತ್ತ ನೋಡಿದರು. ನಾನು ಹಗ್ಗದ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ನಾನೇ ಬರೆದದ್ದು, ಸುಳ್ಳು ಎಂದು ಹೇಳಲು ಬೇಕಾದಷ್ಟು ಸಮಯವಿತ್ತು. ಹೇಳಲಿಲ್ಲ. ಅಕ್ಕನೂ ನನ್ನನ್ನು ತೋರಿಸಿ ಕೊಡಲಿಲ್ಲ. ಯಾರೋ ತಿಳಿಯದೆ ಬರೆದಿದ್ದಾರೆ, ನನ್ನ ಮಗ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದಷ್ಟೇ ಹೇಳಿ, ಅಕ್ಕಿಯನ್ನು ಮತ್ತೆ ಡಿಕ್ಕಿಗೆ ಹಾಕಿಸಿದರು. ಬಂದವರಿಗೆ ಎಳನೀರಿನ ಬೊಂಡ ಕೆತ್ತಿ ಕೊಟ್ಟು ಕಳಿಸಿದರು.

ಕಾರು ಹೋದ ಮೇಲೆ ಅವರು ಜಗಲಿಯಲ್ಲಿ ಕೂತರು. ಆಮೇಲೆ ಕೇಳಿದರು, "ಬಳೆ ತೆಗೆಸಿದ್ದು ಅದಕ್ಕಾ?"

ನಾನು ಹೌದೆಂದೆ.

"ಚಾಪೆ ಚಂದ ಉಂಟು ಅಂತ ಬರೆದಿದ್ದರೆ ಸಾಕಿತ್ತು."

ಹಾಗೆ ಬರೆದಾಗ ಹೋದದ್ದು ಒಂದೇ ಚಾಪೆ ಎಂದು ಹೇಳುವುದು ನಾಲಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

ಅದೇ ವಾರ ಶಾರ್ಜಾದಿಂದ ಅವರ ಮಗ ನನಗೊಂದು ಮೆಸೇಜು ಕಳಿಸಿದ. ನನ್ನ ಪೋಸ್ಟಿನ ಚಿತ್ರ, ಕೆಳಗೆ ಒಂದೇ ಸಾಲು, "ಇದು ನನ್ನ ಅಮ್ಮನಾ?" ರೂಮಿನವರು, ಕೆಲಸದ ಜಾಗದವರು ಎಲ್ಲ ಅದನ್ನು ನೋಡಿದ್ದರೆಂದು ಆಮೇಲೆ ಗೊತ್ತಾಯಿತು. ನಾನು ಪೋಸ್ಟು ಅಳಿಸಿದೆ. ತಪ್ಪಾಗಿದೆ ಎಂದು ಇನ್ನೊಂದು ಬರೆದೆ. ಮೊದಲಿನದು ಬೇರೆ ಬೇರೆ ಪೇಜುಗಳಲ್ಲಿ ಓಡುತ್ತಲೇ ಇತ್ತು, ಎರಡನೆಯದನ್ನು ಯಾರೂ ಓದಲಿಲ್ಲ. ಅವನ ಮೆಸೇಜಿಗೆ ನಾನು ಉತ್ತರ ಕೊಡಲಿಲ್ಲ. ಏನು ಬರೆಯಲಿ? ಬರೆದೇ ಕೆಟ್ಟವನು ನಾನು.

ಒಪ್ಪಿಕೊಂಡ ಚಾಪೆಗಳನ್ನೆಲ್ಲ ಅಕ್ಕ ಹೆಣೆದು ಕೊಟ್ಟರು. ಕೇಳಿದವರು ಕಾಯುತ್ತಿದ್ದಾರಲ್ಲ ಎಂದರು. ನಾನು ಹೋದಾಗ ಕುಡಿಯಲು ನೀರು ಕೊಡುತ್ತಿದ್ದರು, ಉಮ್ಮನ ಮಂಡಿನೋವು ವಿಚಾರಿಸುತ್ತಿದ್ದರು. ಆದರೆ ಎಲೆಯ ತುದಿ ಹಿಡಿ ಎಂದು ಮತ್ತೆಂದೂ ಹೇಳಲಿಲ್ಲ. ಕೊನೆಯ ಚಾಪೆ ಕೊಟ್ಟ ದಿನ, ಇನ್ನು ಆ ಇಬ್ಬರು ಹೆಂಗಸರ ಹತ್ತಿರ ತೆಗೆದುಕೋ, ಅವರ ಕೈ ಪಳಗಿದೆ, ನಾನು ಊರಿನವರಿಗೆ ಮಾತ್ರ ಮಾಡುತ್ತೇನೆ ಎಂದರು. ಅವರಿಂದಲೇ ಕಲಿತ ಕೈಗಳು ನನ್ನ ವ್ಯಾಪಾರವನ್ನು ನಡೆಸಿದವು. ಈಗ ಬುಟ್ಟಿ, ಬೀಸಣಿಗೆ, ತಟ್ಟಿ ಎಲ್ಲ ಉಂಟು. ಮೊದಲ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಇನ್ನೂ ನನ್ನ ಹತ್ತಿರವೇ ಕೊಳ್ಳುತ್ತಾರೆ. ಅವರು ಯಾವುದನ್ನು ಓದಿ ಬಂದವರೆಂದು ನನಗೆ ಗೊತ್ತು.

ಮೂರು ವರ್ಷದ ಮೇಲೆ, ಎರಡು ಸಾವಿರದ ಹತ್ತೊಂಬತ್ತರ ಬೇಸಿಗೆಯಲ್ಲಿ ಚಾಪೆಯಕ್ಕ ತೀರಿಕೊಂಡರು. ಬೆಳಿಗ್ಗೆ ಎದೆನೋವೆಂದರಂತೆ, ಆಸ್ಪತ್ರೆಗೆ ಒಯ್ಯುವಾಗ ಕುಂಬಳೆ ದಾಟುವಷ್ಟರಲ್ಲಿ ಮುಗಿದಿತ್ತು. ರಜೆಯಲ್ಲಿ ಬಂದಿದ್ದ ಮಗ ಪಕ್ಕದಲ್ಲೇ ಇದ್ದ. ಉಮ್ಮನ ಜೊತೆ ನಾನೂ ಹೋದೆ, ಅಂಗಳದ ತುದಿಯಲ್ಲಿ ನಿಂತೆ. ಬಂದವರಲ್ಲಿ ಪರಿಚಯವಿಲ್ಲದ ಒಬ್ಬರು ಪಕ್ಕದವರಿಗೆ, ಇದು ಆ ಫೇಸ್‌ಬುಕ್ಕಿನ ತಾಯಿಯಲ್ಲವಾ, ಮಗ ಬಿಟ್ಟುಹೋದದ್ದು ಎಂದರು. ತಗ್ಗಿದ ದನಿಯೇ, ಆದರೆ ಅಂಗಳದಲ್ಲಿ ಎಲ್ಲರಿಗೂ ಕೇಳಿಸಿತು. ಮಗನಿಗೂ.

"ಅದು ಸುಳ್ಳು," ಎಂದೆ. "ಬರೆದದ್ದು ನಾನು. ಚಾಪೆ ಮಾರಲಿಕ್ಕೆ ಬರೆದದ್ದು. ಇವನು ಅಮ್ಮನನ್ನು ಒಂದು ದಿನವೂ ಬಿಟ್ಟವನಲ್ಲ."

ಉಮ್ಮ ನನ್ನ ಮುಖ ನೋಡಿದರು, ಅವರಿಗೂ ಅಂದೇ ಗೊತ್ತಾದದ್ದು. ಹೊರಡುವಾಗ ಮಗ ಗೇಟಿನ ತನಕ ಬಂದ. ನಾನು ಏನಾದರೂ ಹೇಳಬೇಕೆಂದು ನಿಂತೆ. ಅವನೇ ಹೇಳಿದ, "ಆಗಲೇ ಬಂದು ನಿನ್ನನ್ನು ಕೇಳಬೇಕು ಅಂತ ಇದ್ದೆ. ಅಮ್ಮ ಬಿಡಲಿಲ್ಲ. ಅವನಿಗೆ ಕೆಲಸ ಇಲ್ಲ, ಈಗ ಎಂತದೋ ಒಂದು ಹಿಡಿದಿದ್ದಾನೆ, ಅದನ್ನು ಕೆಡಿಸಬೇಡ ಅಂದರು."

ಅಷ್ಟು ಹೇಳಿ ಅವನು ಒಳಗೆ ಹೋದ.

ನನ್ನ ಪೇಜಿಗೆ ಈಗ ಸಾವಿರಾರು ಜನ ಇದ್ದಾರೆ. ಆ ಹಳೆಯ ಫೋಟೋ ಈಗಲೂ ವರ್ಷಕ್ಕೆ ಒಂದೆರಡು ಸಲ ಎಲ್ಲಿಂದಲೋ ಏಳುತ್ತದೆ, ಗುರುತಿಲ್ಲದವರು ಆ ಮಗನಿಗೆ ಶಾಪ ಹಾಕುತ್ತಾರೆ. ಕಂಡಲ್ಲೆಲ್ಲ ನಾನು ಕೆಳಗೆ ಬರೆಯುತ್ತೇನೆ, ಈ ಕಥೆ ಸುಳ್ಳು, ಕಟ್ಟಿದವನು ನಾನು ಎಂದು. ಹೆಚ್ಚಿನವರು ನಂಬುವುದಿಲ್ಲ. ಒಬ್ಬರಂತೂ, ನೀನು ಆ ಮಗನ ಕಡೆಯವನಾ ಎಂದು ಕೇಳಿದರು. ಹೌದು ಎಂದು ಬರೆದೆ.